ಬಿಚ್ಚುವ ಮುನ್ನ: ಹಿರಿಯರಿಂದ ಬಂದ ಶಾಯಿ ಪೆನ್ನನ್ನು ಮತ್ತೆ ಬರೆಯಿಸುವುದು ಹೇಗೆ

ಹಳೆಯ ಮನೆಯನ್ನು ಖಾಲಿ ಮಾಡುವಾಗಲೋ, ತೀರಿಕೊಂಡ ಹಿರಿಯರ ಪೆಟ್ಟಿಗೆಯನ್ನು ತೆಗೆದು ನೋಡುವಾಗಲೋ, ಪತ್ರಗಳು, ಕನ್ನಡಕ, ನಿಂತುಹೋದ ಕೈಗಡಿಯಾರ ಇವುಗಳ ಜೊತೆಗೆ ಒಂದೆರಡು ಶಾಯಿ ಪೆನ್ನುಗಳು ಸಿಗುವುದು ನಮ್ಮಲ್ಲಿ ಅಪರೂಪವೇನಲ್ಲ. ಮೇಷ್ಟರು, ಗುಮಾಸ್ತರು, ವಕೀಲರು, ಶಾನುಭೋಗರು ಇದ್ದ ಮನೆಗಳಲ್ಲಂತೂ ಸಿಕ್ಕೇ ಸಿಗುತ್ತವೆ. ಗಡಿಯಾರವನ್ನು ರಿಪೇರಿ ಅಂಗಡಿಗೆ ಒಯ್ಯುವ ನಾವು, ಪೆನ್ನಿನಲ್ಲೇನು ಮಹಾ ಯಂತ್ರವಿದೆ ಎಂದುಕೊಂಡು, ಅದನ್ನು ನೇರವಾಗಿ ಬಿಸಿನೀರಿನ ಲೋಟಕ್ಕೆ ಅದ್ದಿ, ತಿರುಗದ ಭಾಗವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತೇವೆ. ಐವತ್ತು ಅರವತ್ತು ವರ್ಷ ಡ್ರಾಯರಿನಲ್ಲಿ ಸುಖವಾಗಿ ಮಲಗಿದ್ದ ಪೆನ್ನು ಅರ್ಧ ಗಂಟೆಯೊಳಗೆ ಬಣ್ಣಗೆಟ್ಟು, ಸೀಳು ಬಿಟ್ಟು ಹಾಳಾಗುವುದು ಬಹುಮಟ್ಟಿಗೆ ಹೀಗೆಯೇ.

ಹಳೆಯ ಪೆನ್ನುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಒಣಗಿದ ಶಾಯಿಯಿಂದ ಕಟ್ಟಿಕೊಂಡಿರುತ್ತವೆ. ಅವನ್ನು ಮತ್ತೆ ಬರೆಯಿಸಲು ಬೇಕಾದ ಕೈಚಳಕ ಅಷ್ಟೇನೂ ದೊಡ್ಡದಲ್ಲ. ಅದಕ್ಕಿಂತ ಮುಖ್ಯವಾದದ್ದು ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳುವುದು: ಈ ಪೆನ್ನು ಶಾಯಿಯನ್ನು ಹೇಗೆ ತುಂಬಿಸಿಕೊಳ್ಳುತ್ತದೆ, ಮತ್ತು ಇದರ ಮೈ ಯಾವ ವಸ್ತುವಿನದು. ಇವೆರಡು ತಿಳಿಯುವವರೆಗೆ ನೀರನ್ನೂ ಸೋಕಿಸಬಾರದು. ತಿಳಿದ ಮೇಲೂ, ಬೇಡವೆನಿಸಿದರೆ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗುವಂಥ ಕೆಲಸಗಳನ್ನಷ್ಟೇ ಮನೆಯಲ್ಲಿ ಮಾಡಬೇಕು.

ಪೆನ್ನು ಬರೆಯುವುದು ಹೇಗೆ

ಶಾಯಿ ಪೆನ್ನಿನಲ್ಲಿ ಕಣ್ಣಿಗೆ ಕಾಣುವ ಭಾಗಗಳು ಕೆಲವೇ. ಕಾಗದವನ್ನು ಮುಟ್ಟುವುದು ನಿಬ್ಬು. ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಂತೆ ಇರುವ, ಸಾಮಾನ್ಯವಾಗಿ ಕಪ್ಪು ಬಣ್ಣದ ತುಂಡು ನಾಲಿಗೆ. ಇವೆರಡೂ ಒಟ್ಟಾಗಿ ಕೂತಿರುವ, ನಾವು ಬೆರಳಿಟ್ಟು ಹಿಡಿಯುವ ಜಾಗವನ್ನು ಈ ಲೇಖನದಲ್ಲಿ ಕತ್ತು ಎಂದು ಕರೆಯೋಣ. ಕತ್ತಿನ ಹಿಂದೆ ಶಾಯಿ ನಿಲ್ಲುವ ಕೊಳವೆ, ಅಂದರೆ ಬ್ಯಾರೆಲ್, ಮತ್ತು ಮೇಲೆ ಕ್ಯಾಪು.

ಇವುಗಳಲ್ಲಿ ನಿಜವಾದ ಜಾಣತನವಿರುವುದು ನಾಲಿಗೆಯಲ್ಲಿ. ನೀರು ತುಂಬಿದ ಸೀಸೆಯನ್ನು ಬೋರಲು ಹಾಕಿದಾಗ ನೀರು ಸರಾಗವಾಗಿ ಸುರಿಯದೆ ಗುಳುಗುಳು ಎಂದು ಬಿಟ್ಟುಬಿಟ್ಟು ಬೀಳುವುದನ್ನು ನೋಡಿರುತ್ತೇವೆ. ಹೊರಬಿದ್ದ ನೀರಿನ ಜಾಗವನ್ನು ತುಂಬಲು ಅದೇ ಬಾಯಿಯಿಂದ ಗಾಳಿ ಒಳಗೆ ಹೋಗಬೇಕಾಗಿರುವುದೇ ಅದಕ್ಕೆ ಕಾರಣ. ಪೆನ್ನಿನಲ್ಲಿಯೂ ಇದೇ ತೊಡಕಿದೆ. ಗಾಳಿ ಒಳಗೆ ಹೋಗದಿದ್ದರೆ ಶಾಯಿ ಇಳಿಯುವುದಿಲ್ಲ, ಒಮ್ಮೆಲೇ ನುಗ್ಗಿದರೆ ಹಾಳೆಯ ಮೇಲೆ ಶಾಯಿ ಸುರಿಯುತ್ತದೆ. ನಾಲಿಗೆಯ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ. ಇಷ್ಟು ಕಿರಿದಾದ ದಾರಿಯಲ್ಲಿ ದ್ರವವು ತನ್ನಷ್ಟಕ್ಕೆ ತಾನೇ ಹರಿದು ಮುಂದಕ್ಕೆ ಬರುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಲೋಮನಾಳ ಕ್ರಿಯೆ ಎಂದು ಓದಿದ್ದು ಇದನ್ನೇ. ಶಾಯಿ ಈ ಗೀರುಗಳಲ್ಲಿ ಮುಂದೆ ಬಂದಷ್ಟೂ ಗಾಳಿ ಹಿಂದಕ್ಕೆ ಹೋಗಿ ಲೆಕ್ಕ ಸರಿಹೋಗುತ್ತದೆ. ಈ ತತ್ತ್ವದ ಮೇಲೆ ರೂಪಿಸಿದ ನಾಲಿಗೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ನಂತರವೇ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ, ನಂಬಿಕೆಗೆ ಅರ್ಹವಾದ ಪೆನ್ನು ಮಾರುಕಟ್ಟೆಯಲ್ಲಿ ನೆಲೆಯೂರಿತು.

ಹಳೆಯ ಪೆನ್ನು ಬರೆಯದಿರಲು ಮೊದಲ ಕಾರಣ ಇಲ್ಲಿಯೇ ಇದೆ. ಕೊನೆಯ ಬಾರಿ ತುಂಬಿಸಿದ ಶಾಯಿಯ ನೀರು ಆರಿ, ಬಣ್ಣದ ಪುಡಿ ಆ ಗೀರುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎರಡನೆಯ ಕಾರಣ ಶಾಯಿ ತುಂಬಿಸುವ ವ್ಯವಸ್ಥೆಯಲ್ಲಿನ ರಬ್ಬರು ಸತ್ತಿರುವುದು. ಇನ್ನುಳಿದವುಗಳು, ಅಂದರೆ ಬಾಗಿದ ನಿಬ್ಬು, ಸೀಳಿದ ಕ್ಯಾಪು ಮುಂತಾದವು, ಇವೆರಡರ ನಂತರದ ಮಾತು.

ಶಾಯಿ ತುಂಬಿಸುವ ಬಗೆಗಳು

ನಮ್ಮ ಮನೆಗಳಲ್ಲಿ ಸಿಗುವ ಪೆನ್ನುಗಳಲ್ಲಿ ಅತ್ಯಂತ ಸರಳವಾದದ್ದು ಕತ್ತನ್ನು ತಿರುಗಿಸಿ ತೆಗೆದು, ಫಿಲ್ಲರಿನಿಂದ ನೇರವಾಗಿ ಬ್ಯಾರೆಲ್ಲಿಗೆ ಶಾಯಿ ಹಾಕುವ ಪೆನ್ನು. ಶಾಲೆಗೆ ಹೋಗುವ ಮಕ್ಕಳ ಅಗ್ಗದ ಪ್ಲಾಸ್ಟಿಕ್ ಪೆನ್ನಿನಿಂದ ಹಿಡಿದು ಲೇತಿನಲ್ಲಿ ಕೈಯಾರೆ ಕಡೆದ ದೊಡ್ಡ ಪೆನ್ನುಗಳವರೆಗೆ ಭಾರತದ ಬಹುಪಾಲು ಪೆನ್ನುಗಳು ಇದೇ ಜಾತಿಯವು. ರಾಜಮಹೇಂದ್ರಿಯ ರತ್ನಂ, ಚೆನ್ನೈನ ಗಾಮಾ, ಹೈದರಾಬಾದಿನ ಡೆಕ್ಕನ್ ಹೆಸರಿನ ಪೆನ್ನುಗಳು ದಕ್ಷಿಣದಲ್ಲೆಲ್ಲ ಹರಡಿದ್ದವು. ಸ್ವದೇಶಿ ಚಳವಳಿಯ ಕಾಲದಲ್ಲಿ ರತ್ನಂ ಅವರು ತಯಾರಿಸಿ ಕಳುಹಿಸಿದ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಅವರಿಗೆ ಪತ್ರ ಬರೆದದ್ದು ಪೆನ್ನಿನ ಆಸಕ್ತರಿಗೆಲ್ಲ ತಿಳಿದ ಸಂಗತಿ. ಈ ಬಗೆಯ ಪೆನ್ನಿನಲ್ಲಿ ಕೆಡಬಹುದಾದ ಯಂತ್ರಭಾಗವೇ ಇಲ್ಲದಿರುವುದರಿಂದ ದುರಸ್ತಿಗೆ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ.

ಬ್ಯಾರೆಲ್ಲಿನ ಪಕ್ಕದಲ್ಲಿ ಉಗುರಿನಿಂದ ಎತ್ತಬಹುದಾದ ಸಣ್ಣ ಲೋಹದ ಲಿವರ್ ಇದ್ದರೆ ಅದು ಎರಡನೆಯ ಬಗೆ. ಶೀಫರ್ ಕಂಪನಿಯ ಸ್ಥಾಪಕ ವಾಲ್ಟರ್ ಶೀಫರ್ 1908ರಲ್ಲಿ ಪೇಟೆಂಟ್ ಪಡೆದ ಈ ವಿಧಾನವನ್ನು ಮುಂದೆ ಹಲವು ಕಂಪನಿಗಳು ಬಳಸಿದವು. ಒಳಗೆ ಕತ್ತಿಗೆ ಅಂಟಿಸಿದ ರಬ್ಬರಿನ ಚೀಲವೊಂದಿರುತ್ತದೆ. ಲಿವರ್ ಎತ್ತಿದಾಗ ಒಂದು ಲೋಹದ ಪಟ್ಟಿ ಚೀಲವನ್ನು ಅಮುಕಿ ಗಾಳಿಯನ್ನು ಹೊರದೂಡುತ್ತದೆ, ಬಿಟ್ಟಾಗ ಚೀಲ ಉಬ್ಬಿ ಶಾಯಿಯನ್ನು ಹೀರುತ್ತದೆ. ಲಿವರ್ ಎದ್ದೇಳದಿದ್ದರೆ ಒಳಗಿನ ಚೀಲ ಕಲ್ಲಾಗಿದೆ ಎಂದು ತಿಳಿಯಬೇಕು. ಆಗ ಬಲ ಹಾಕಿದರೆ ಲಿವರ್ ಕಿತ್ತುಬರುತ್ತದೆ, ಇಲ್ಲವೇ ಬ್ಯಾರೆಲ್ ಬಿರಿಯುತ್ತದೆ.

ಮೂರನೆಯದು, ಬ್ಯಾರೆಲ್ ಬಿಚ್ಚಿದರೆ ಒಳಗೆ ಲೋಹದ ಕವಚದೊಳಗಿನ ಚೀಲವನ್ನು ಬೆರಳಿನಿಂದ ಒತ್ತಿ ತುಂಬಿಸುವ ಬಗೆ. ವಿದೇಶದಿಂದ ಬಂದವರು ತಂದುಕೊಟ್ಟ ಪಾರ್ಕರ್ 51, ಮತ್ತು ನಮ್ಮಲ್ಲಿ ಒಂದು ಕಾಲಕ್ಕೆ ಪ್ರತಿಷ್ಠೆಯ ಗುರುತಾಗಿದ್ದ ಚೀನಾದ ಹೀರೋ 616, ಇವೆರಡೂ ಹೀಗೆಯೇ. ನಿಬ್ಬಿನ ಬಹುಭಾಗ ಮುಸುಕಿನೊಳಗೆ ಅಡಗಿ ತುದಿ ಮಾತ್ರ ಇಣುಕುವ ಇವುಗಳ ರೂಪವೂ ಒಂದೇ, ಏಕೆಂದರೆ ಹೀರೋ ಆ ರೂಪವನ್ನು ಪಾರ್ಕರ್‌ನಿಂದಲೇ ತೆಗೆದುಕೊಂಡಿತ್ತು. ಪಾರ್ಕರ್ 51 ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ಬೆರಳಿನಿಂದ ಒತ್ತಿ ತುಂಬಿಸುವ ವ್ಯವಸ್ಥೆ ಅದಕ್ಕೆ ಬಂದದ್ದು 1948ರಲ್ಲಿ. ಈ ಪೆನ್ನನ್ನು ತೆರೆದವರು ಮಾಡುವ ದೊಡ್ಡ ತಪ್ಪೆಂದರೆ ಆ ಲೋಹದ ಕವಚವನ್ನು ಈಗಿನ ಪೆನ್ನುಗಳ ಬದಲಾಯಿಸಬಹುದಾದ ಟ್ಯೂಬು ಎಂದು ಭಾವಿಸಿ ಎಳೆಯುವುದು. ಅದು ಬಿಚ್ಚಬೇಕಾದ ಭಾಗವಲ್ಲ. ಒಳಗಿನ ಪಾರದರ್ಶಕ ಚೀಲ ರಬ್ಬರಿನದಾಗಿರದೆ ಒಂದು ಬಗೆಯ ಪ್ಲಾಸ್ಟಿಕ್ಕಿನದಾಗಿರುವುದರಿಂದ, ಎಷ್ಟೋ ಪೆನ್ನುಗಳಲ್ಲಿ ಎಪ್ಪತ್ತು ವರ್ಷಗಳ ನಂತರವೂ ಮೆತ್ತಗೆ ಉಳಿದು ಕೆಲಸ ಮಾಡುತ್ತದೆ.

ಹಿಂಬದಿಯ ಗುಬುಟನ್ನು ತಿರುಗಿಸಿದರೆ ಒಳಗೆ ಪಿಸ್ಟನ್ ಚಲಿಸುವ ಪೆನ್ನುಗಳನ್ನು ಜರ್ಮನಿಯ ಪೆಲಿಕಾನ್ 1929ರಿಂದ ಜನಪ್ರಿಯಗೊಳಿಸಿತು. ಒಳಗೆ ರಬ್ಬರ್ ಪೊರೆಯೊಂದನ್ನು ಹಿಗ್ಗಿಸಿ ಕುಗ್ಗಿಸುವ ಪಾರ್ಕರ್ ವ್ಯಾಕ್ಯುಮ್ಯಾಟಿಕ್, ನಿಬ್ಬಿನ ಕೆಳಗಿನಿಂದ ಸಣ್ಣ ನಳಿಕೆಯನ್ನು ಹೊರಚಾಚಿ ಶಾಯಿ ಕುಡಿಯುವ 1952ರ ಶೀಫರ್ ಸ್ನಾರ್ಕೆಲ್ ಮುಂತಾದವೂ ಇವೆ. ಈ ಕೊನೆಯ ಎರಡನ್ನು ವಿಶೇಷ ಸಲಕರಣೆ ಇಲ್ಲದೆ ಬಿಚ್ಚುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಮೈ ಯಾವುದರಿಂದ ಆಗಿದೆ

ಪೆನ್ನಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮೈಯ ವಸ್ತು ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಒಂದಕ್ಕೆ ಒಗ್ಗುವ ಉಪಚಾರ ಇನ್ನೊಂದಕ್ಕೆ ವಿಷ.

ಎಬೊನೈಟ್ ಎಂಬುದು ನೈಸರ್ಗಿಕ ರಬ್ಬರಿಗೆ ಹೆಚ್ಚಿನ ಪ್ರಮಾಣದಲ್ಲಿ ಗಂಧಕ ಸೇರಿಸಿ ಕಾಯಿಸಿ ಮಾಡಿದ ಗಟ್ಟಿ ವಸ್ತು. ಭಾರತದ ಕೈಕಡೆತದ ಪೆನ್ನುಗಳು, 1920ರ ದಶಕಕ್ಕಿಂತ ಹಿಂದಿನ ವಿದೇಶಿ ಪೆನ್ನುಗಳು, ಮತ್ತು ಬಹುತೇಕ ಎಲ್ಲ ಹಳೆಯ ಪೆನ್ನುಗಳ ನಾಲಿಗೆ ಇದರದ್ದೇ. ಹೆಬ್ಬೆರಳಿನಿಂದ ಬಿರುಸಾಗಿ ಉಜ್ಜಿ ತಕ್ಷಣ ಮೂಸಿದರೆ ಸುಟ್ಟ ರಬ್ಬರಿನ, ಗಂಧಕದ ವಾಸನೆ ಬರುತ್ತದೆ. ಬೆಳಕು ಮತ್ತು ತೇವಕ್ಕೆ ಒಡ್ಡಿಕೊಂಡ ಎಬೊನೈಟಿನ ಮೇಲ್ಮೈ ವರ್ಷಗಳು ಕಳೆದಂತೆ ಕಪ್ಪು ಕಳೆದುಕೊಂಡು ಕಂದು ಅಥವಾ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಕಪ್ಪಾಗಿಯೇ ಕಾಣುತ್ತಿರುವ ಹಳೆಯ ಎಬೊನೈಟನ್ನು ಬಿಸಿನೀರಿನಲ್ಲಿ ಅದ್ದಿದರೆ ಆ ಬದಲಾವಣೆ ಕೆಲವೇ ನಿಮಿಷಗಳಲ್ಲಿ ಕಣ್ಣೆದುರೇ ಆಗಿಬಿಡುತ್ತದೆ; ಹೊರತೆಗೆದಾಗ ನೀರಿನ ಮಟ್ಟ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಗೆರೆ ಎಳೆದಂತೆ ಕೆಳಭಾಗ ಮಾತ್ರ ಕಂದಾಗಿರುತ್ತದೆ. ಆದ್ದರಿಂದ ಎಬೊನೈಟಿನ ಮೈಯನ್ನು ನೆನೆಹಾಕಬಾರದು.

ಸೆಲ್ಯುಲಾಯ್ಡ್ 1920ರ ದಶಕದ ನಡುವಿನಿಂದ ಪೆನ್ನಿಗೆ ಬಣ್ಣ ತಂದ ವಸ್ತು. ಮುತ್ತಿನ ಹೊಳಪು, ಅಮೃತಶಿಲೆಯ ಗೆರೆಗಳು, ಬಣ್ಣಬಣ್ಣದ ಪಟ್ಟೆಗಳು ಇರುವ ಹಳೆಯ ಪೆನ್ನುಗಳು ಸಾಮಾನ್ಯವಾಗಿ ಇದರವು. ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಪರಿವರ್ತಿಸಿ, ಕರ್ಪೂರ ಬೆರೆಸಿ ಇದನ್ನು ತಯಾರಿಸುತ್ತಾರೆ; ಉಜ್ಜಿದರೆ ಕರ್ಪೂರದ ವಾಸನೆ ಬರುವುದು ಅದಕ್ಕೇ. ದೇವರ ಮುಂದಿನ ಕರ್ಪೂರದ ಹಾಗೆಯೇ ಇದಕ್ಕೂ ಬೆಂಕಿ ಬೇಗ ಹತ್ತುತ್ತದೆ. ಬಿಗಿಯಾದ ಕತ್ತನ್ನು ಸಡಿಲಿಸಲು ಮೇಣದ ಬತ್ತಿಗೋ ಗ್ಯಾಸ್ ಒಲೆಗೋ ಹಿಡಿಯುವ ರೂಢಿ ಕೆಲವರಲ್ಲಿದೆ. ಸೆಲ್ಯುಲಾಯ್ಡ್ ಪೆನ್ನಿಗೆ ಹಾಗೆ ಮಾಡಿದರೆ ಪೆನ್ನಿನ ಜೊತೆ ಕೈಯೂ ಸುಡುತ್ತದೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವುದೂ ಬೇಡ. ಉಗುರಿನ ಬಣ್ಣ ತೆಗೆಯುವ ಅಸಿಟೋನ್, ಸ್ಪಿರಿಟ್ಟು, ಸ್ಯಾನಿಟೈಸರ್ ಇವು ಸೆಲ್ಯುಲಾಯ್ಡನ್ನು ಕರಗಿಸುತ್ತವೆ ಅಥವಾ ಮಂಕಾಗಿಸುತ್ತವೆ.

ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಮುಂತಾದ ಕಂಪನಿಗಳು ಬಳಸಿದ ಕೇಸೀನ್ ಹಾಲಿನ ಪ್ರೋಟೀನಿನಿಂದ ಮಾಡಿದ ವಸ್ತು. ನೋಡಲು ಬಹಳ ಅಂದ, ಆದರೆ ನೀರನ್ನು ಹೀರಿ ಉಬ್ಬುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಸಂದೇಹವಿದ್ದರೆ ಕೇಸೀನ್ ಎಂದೇ ಭಾವಿಸಿ ಒದ್ದೆ ಬಟ್ಟೆಯನ್ನಷ್ಟೇ ಬಳಸಬೇಕು. ಪಾರ್ಕರ್ 51ರ ಅಕ್ರಿಲಿಕ್ ಇವೆಲ್ಲಕ್ಕಿಂತ ಗಟ್ಟಿಮುಟ್ಟು. ಅಸಿಟೋನ್, ಸ್ಪಿರಿಟ್ಟುಗಳಿಂದ ಮಾತ್ರ ದೂರವಿಟ್ಟರೆ ಸಾಕು.

ತೊಳೆಯುವುದು

ಮೊದಲು ಪೆನ್ನಿನ ಎಲ್ಲ ಬದಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನಿಬ್ಬು ನಾಲಿಗೆಯ ಮೇಲೆ ಎಷ್ಟು ಮುಂದಕ್ಕೆ ಕೂತಿತ್ತು ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ನೀರು ತಣ್ಣಗಿರಬೇಕು, ಹೆಚ್ಚೆಂದರೆ ಕೋಣೆಯ ಉಷ್ಣತೆಯಲ್ಲಿರಬೇಕು. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚಿರುವ ಊರುಗಳಲ್ಲಿ ಅದೇ ನೀರು ಒಣಗಿದಾಗ ನಾಲಿಗೆಯ ಗೀರುಗಳಲ್ಲಿ ಬಿಳಿಯ ಪುಡಿ ಬಿಡುತ್ತದೆ. ಹಾಗಾಗಿ ಕೊನೆಯ ತೊಳೆತಕ್ಕಾದರೂ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಬಳಸಬಹುದು. ಫಿಲ್ಲರ್ ಹಾಕುವ ಪೆನ್ನಾದರೆ ಕತ್ತನ್ನು ಬಿಚ್ಚಿ, ಅದರ ಹಿಂಬದಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಸಣ್ಣ ರಬ್ಬರ್ ಬಲ್ಬನ್ನು ಹಿಡಿದು ನೀರನ್ನು ಒತ್ತಿದರೆ ನಾಲಿಗೆಯ ಮೂಲಕ ಬಣ್ಣದ ನೀರು ಹೊರಬರುತ್ತದೆ. ಎಬೊನೈಟಿನ ಕತ್ತನ್ನು ನೆನೆಹಾಕುವ ಬದಲು ಹೀಗೆ ಒಳಗಿನಿಂದಲೇ ತೊಳೆದರೆ ಹೊರಮೈ ಉಳಿಯುತ್ತದೆ. ಚೀಲ ಚೆನ್ನಾಗಿರುವ ಪಾರ್ಕರ್ 51, ಹೀರೋಗಳಲ್ಲಿ ನಿಬ್ಬನ್ನು ನೀರಿನಲ್ಲಿಟ್ಟು ಒತ್ತುತ್ತ ಬಿಡುತ್ತ ಹೋಗಬೇಕು. ಪಾರ್ಕರ್ 51ರ ಮುಸುಕಿನೊಳಗೆ ಶಾಯಿ ಹಿಡಿದಿಡುವ ತೆಳು ಪದರಗಳ ಒಂದು ಭಾಗವಿದ್ದು, ಅದರಿಂದ ಹಳೆಯ ಶಾಯಿ ಹೊರಬರಲು ಒಂದೆರಡು ದಿನವೇ ಹಿಡಿಯಬಹುದು. ನೀರು ತಿಳಿಯಾಯಿತೆಂದು ಬಿಟ್ಟು ಮರುದಿನ ನೋಡಿದರೆ ಮತ್ತೆ ನೀಲಿಯಾಗಿರುತ್ತದೆ. ಇಲ್ಲಿ ಬೇಕಾದದ್ದು ತಾಳ್ಮೆ, ಔಷಧಿಯಲ್ಲ.

ಬರೀ ನೀರಿಗೆ ಬಗ್ಗದಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸಬಹುದು. ಅದಕ್ಕೂ ಬಗ್ಗದಿದ್ದರೆ ಒಂದು ಪಾಲು ಮನೆಬಳಕೆಯ ಅಮೋನಿಯಾಕ್ಕೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಸ್ವಲ್ಪ ಹೊತ್ತು ಒಳಗೆ ಓಡಿಸಿ, ಕೂಡಲೇ ಸಾಕಷ್ಟು ನೀರಿನಿಂದ ತೊಳೆಯಬೇಕು. ಅಮೋನಿಯಾ ಹಿತ್ತಾಳೆಯ ಭಾಗಗಳನ್ನು ತಿನ್ನುತ್ತದೆ, ಕೇಸೀನಿಗೂ ಆಗದು. ಅದನ್ನು ಬ್ಲೀಚಿನ ಜೊತೆ ಎಂದಿಗೂ ಬೆರೆಸಬಾರದು. ಹಾಗೆ ಬೆರೆಸಿದರೆ ಉಸಿರಾಟಕ್ಕೆ ಅಪಾಯಕಾರಿಯಾದ ಅನಿಲ ಹುಟ್ಟುತ್ತದೆ.

ಸತ್ತ ಚೀಲದ ಬದಲಿಗೆ ಹೊಸದು

ಲಿವರ್ ಪೆನ್ನಿನ ರಬ್ಬರ್ ಚೀಲ ಎರಡು ರೀತಿಯಲ್ಲಿ ಸಾಯುತ್ತದೆ. ಕೆಲವು ಒಣಗಿ, ತಟ್ಟಿದರೆ ಕರಿದ ಹಪ್ಪಳದ ಚೂರಿನಂತೆ ಉದುರುತ್ತವೆ. ಇನ್ನು ಕೆಲವು ಕರಗಿ ಬ್ಯಾರೆಲ್ಲಿನ ಗೋಡೆಗೆ ಅಂಟಿನಂತೆ ಹಿಡಿದಿರುತ್ತವೆ. ಮೊದಲನೆಯದನ್ನು ಕೆರೆಯುವುದು ಸುಲಭ, ಎರಡನೆಯದಕ್ಕೆ ಒಂದು ಸಂಜೆಯೇ ಬೇಕಾಗುತ್ತದೆ.

ಮೊದಲ ಹೆಜ್ಜೆ ಕತ್ತನ್ನು ಬ್ಯಾರೆಲ್ಲಿನಿಂದ ಬೇರ್ಪಡಿಸುವುದು. ಕೆಲವು ಪೆನ್ನುಗಳಲ್ಲಿ ಅದು ತಿರುಪಿನದು, ಕೆಲವುಗಳಲ್ಲಿ ಬರಿಯ ಬಿಗಿತದಿಂದ ಕೂತದ್ದು. ಎರಡರಲ್ಲೂ ಹಳೆಯ ಶಾಯಿ ಮತ್ತು ಅಂಟು ಸೇರಿ ಹಿಡಿದಿರುತ್ತವೆ. ಕೂದಲು ಒಣಗಿಸುವ ಯಂತ್ರದಿಂದ ಕಡಿಮೆ ಬಿಸಿಯ ಗಾಳಿಯನ್ನು ದೂರದಿಂದ, ಪೆನ್ನನ್ನು ತಿರುಗಿಸುತ್ತ, ಕತ್ತು ಮತ್ತು ಬ್ಯಾರೆಲ್ ಕೂಡುವ ಜಾಗಕ್ಕೆ ಹಾಯಿಸಬೇಕು. ಆಗಾಗ ಅದನ್ನು ಕೆನ್ನೆಗೆ ತಾಗಿಸಿ ನೋಡಬೇಕು. ಕೆನ್ನೆ ತಾಳದಷ್ಟು ಬಿಸಿಯನ್ನು ಸೆಲ್ಯುಲಾಯ್ಡೂ ತಾಳದು. ಬಳಿಕ ಕೈಜಾರದಿರಲು ರಬ್ಬರ್ ತುಂಡು ಸುತ್ತಿ, ಮೆಲ್ಲಗೆ ಅತ್ತಿತ್ತ ಅಲುಗಿಸುತ್ತ ಹೊರಕ್ಕೆ ಎಳೆಯಬೇಕು. ಬರದಿದ್ದರೆ ಮತ್ತೆ ಬಿಸಿ, ಮತ್ತೆ ಪ್ರಯತ್ನ. ಇಕ್ಕಳ ಈ ಕೆಲಸದ ಪರಮ ಶತ್ರು.

ಕತ್ತಿನ ಹಿಂಬದಿಯಲ್ಲಿ ಚೀಲವನ್ನು ಸಿಕ್ಕಿಸುವ ಸಣ್ಣ ಮೊಳೆಯಂಥ ಭಾಗವಿದೆ. ಅದರ ಮೇಲಿನ ಹಳೆಯ ರಬ್ಬರು, ಅಂಟುಗಳನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆದು ಅಗಲವನ್ನು ಅಳೆಯಬೇಕು. ಹೊಸ ಚೀಲಗಳನ್ನು ಅಂಕಿಗಳಿಂದ ಗುರುತಿಸುತ್ತಾರೆ. ಆ ಅಂಕಿ ಒಂದು ಇಂಚಿನ ಅರುವತ್ತನಾಲ್ಕನೆಯ ಭಾಗಗಳ ಲೆಕ್ಕ. ಅಂದರೆ 16ನೇ ನಂಬರಿನ ಚೀಲ ಕಾಲು ಇಂಚು, ಸುಮಾರು 6.35 ಮಿಲಿಮೀಟರ್ ಅಗಲ. ಉದ್ದವನ್ನು ಬ್ಯಾರೆಲ್ಲಿನ ಪಕ್ಕದಲ್ಲಿಟ್ಟು ನೋಡಿ, ತುದಿಗೆ ತಾಗದಂತೆ ಎರಡು ಮೂರು ಮಿಲಿಮೀಟರ್ ಕಡಿಮೆ ಇರುವಂತೆ ಕತ್ತರಿಸಬೇಕು. ಬ್ಯಾರೆಲ್ಲಿಗೆ ಬಿಗಿಯಾಗುವಷ್ಟು ದಪ್ಪ ಚೀಲ ಹಾಕಿದರೆ ಅದು ಒಳಗೆ ತಿರುಚಿಕೊಂಡು ಶಾಯಿ ಹೀರುವುದಿಲ್ಲ.

ಅಂಟಿನ ವಿಷಯದಲ್ಲಿ ರಾಜಿ ಇಲ್ಲ. ಪೆನ್ನಿನವರು ಇಂದಿಗೂ ಬಳಸುವುದು ಮರದ ಪಾಲಿಶಿಗೆ ಬಳಸುವ ಅರಗಿನ ದ್ರಾವಣ, ಶೆಲಾಕ್. ಶಾಯಿಗೆ ಅದು ಜಗ್ಗುವುದಿಲ್ಲ, ಸ್ವಲ್ಪ ಬಿಸಿ ತಾಗಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಮುಂದೆ ಇಪ್ಪತ್ತು ವರ್ಷಗಳ ನಂತರ ಚೀಲ ಬದಲಿಸುವವರಿಗೆ ದಾರಿ ತೆರೆದೇ ಇರುತ್ತದೆ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ, ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿ ಇವು ಆ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತವೆ. ಪೆನ್ನು ದುರಸ್ತಿ ಮಾಡುವವರನ್ನು ಕೇಳಿದರೆ, ಕಾಲ ಕೆಡಿಸಿದ ಪೆನ್ನುಗಳಿಗಿಂತ ಅಂಟು ಕೆಡಿಸಿದ ಪೆನ್ನುಗಳ ಬಗ್ಗೆಯೇ ಅವರು ಹೆಚ್ಚು ಹೊತ್ತು ಮಾತಾಡುತ್ತಾರೆ.

ಅರಗನ್ನು ಮೊಳೆಯ ಸುತ್ತ ತೆಳ್ಳಗೆ ಹಚ್ಚಿ, ಚೀಲದ ಬಾಯಿ ಹಿಗ್ಗಿಸಿ ಸಿಕ್ಕಿಸಿ, ಒಂದು ರಾತ್ರಿ ಒಣಗಲು ಬಿಡಬೇಕು. ಮರುದಿನ ಚೀಲದ ಹೊರಮೈಗೆ ಸುವಾಸನೆ ಬೆರೆಸದ ಶುದ್ಧ ಟಾಲ್ಕ್ ಪುಡಿಯನ್ನು ಸವರಿದರೆ ಅದು ಬ್ಯಾರೆಲ್ಲಿಗೂ ಒತ್ತುಪಟ್ಟಿಗೂ ಅಂಟದೆ ಸರಾಗವಾಗಿ ಚಲಿಸುತ್ತದೆ. ಕತ್ತನ್ನು ಬ್ಯಾರೆಲ್ಲಿಗೆ ಮತ್ತೆ ಕೂರಿಸುವಾಗ ಲಿವರ್ ಮತ್ತು ನಿಬ್ಬು ಒಂದೇ ಸಾಲಿನಲ್ಲಿ ಬರುವಂತೆ ನೋಡಿಕೊಳ್ಳುವುದು ರೂಢಿ.

ನಿಬ್ಬು

ಹಳೆಯ ಪೆನ್ನಿನ ನಿಬ್ಬು ಉಕ್ಕಿನದೋ ಚಿನ್ನದ್ದೋ ಎಂಬುದನ್ನು ಅದರ ಮೇಲಿನ ಮುದ್ರೆಯೇ ಹೇಳುತ್ತದೆ. 14 ಕ್ಯಾರೆಟ್ ಅಥವಾ 585 ಎಂದಿದ್ದರೆ ನೂರಕ್ಕೆ 58.5 ಪಾಲು ಚಿನ್ನ, 18 ಕ್ಯಾರೆಟ್ ಅಥವಾ 750 ಎಂದಿದ್ದರೆ 75 ಪಾಲು. ಅಂಕಿಯಿಲ್ಲದೆ ಹಳದಿ ಬಣ್ಣವಷ್ಟೇ ಇದ್ದರೆ ಅದು ಬಹುಶಃ ಮುಲಾಮು ಹಾಕಿದ ಉಕ್ಕು. ಚಿನ್ನ ಹಾಕಿದ್ದು ಬರೀ ಶೋಕಿಗೆ ಅಲ್ಲ. ಹಿಂದಿನ ಕಾಲದ ಶಾಯಿಗಳಲ್ಲಿ ಆಮ್ಲವಿರುತ್ತಿದ್ದು ಅವು ಉಕ್ಕನ್ನು ತಿನ್ನುತ್ತಿದ್ದವು, ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಚಿನ್ನ ಮೆತ್ತನೆಯದು, ಕಾಗದದ ಮೇಲೆ ಸವೆಯುತ್ತದೆ. ಆದ್ದರಿಂದ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ, ಬಹಳ ಗಟ್ಟಿಯಾದ ಮಿಶ್ರಲೋಹದ ಕಾಳೊಂದನ್ನು ಬೆಸೆದಿರುತ್ತಾರೆ. ಇರಿಡಿಯಂ ತುದಿ ಎಂದು ಕರೆಯುವುದು ಇದನ್ನೇ.

ಆ ಕಾಳೂ ಹತ್ತಾರು ವರ್ಷಗಳಲ್ಲಿ ಸವೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಒಂದು ಪಕ್ಕ ಚಪ್ಪಟೆಯಾಗಿರುವುದು ಕಾಣಿಸುತ್ತದೆ. ಬರೆದವರು ಪೆನ್ನನ್ನು ಯಾವ ಓರೆಯಲ್ಲಿ ಹಿಡಿಯುತ್ತಿದ್ದರೋ ಆ ಓರೆಗೆ ಸರಿಯಾಗಿ ಅದು ಸವೆದಿರುತ್ತದೆ. ಅಜ್ಜನಿಗೆ ಬೆಣ್ಣೆಯಂತೆ ಜಾರುತ್ತಿದ್ದ ನಿಬ್ಬು ಮೊಮ್ಮಗಳ ಕೈಯಲ್ಲಿ ಕರಕರ ಎನ್ನುವುದು ಈ ಕಾರಣಕ್ಕೆ. ಇದನ್ನು ನುಣ್ಣನೆಯ ಉಜ್ಜುಹಾಳೆಯ ಮೇಲೆ ತಿದ್ದಬಹುದು, ತಿದ್ದುವವರೂ ಇದ್ದಾರೆ. ಆದರೆ ಒಮ್ಮೆ ಉಜ್ಜಿಹೋದ ಲೋಹ ಮರಳಿ ಬಾರದು. ತಾನು ಹಿಡಿಯುವ ಓರೆಯನ್ನು ಒಂದಿಷ್ಟು ಬದಲಿಸಿ ನೋಡುವುದೇ ಮೊದಲ ಚಿಕಿತ್ಸೆಯಾಗಲಿ.

ಕರಕರ ಎನ್ನುವ ನಿಬ್ಬುಗಳಲ್ಲಿ ಬಹಳಷ್ಟರ ತೊಂದರೆ ಸವೆತವೂ ಅಲ್ಲ. ನಿಬ್ಬಿನ ಸೀಳಿನ ಎರಡೂ ಬದಿಯ ಕಡ್ಡಿಗಳಲ್ಲಿ ಒಂದು ಇನ್ನೊಂದಕ್ಕಿಂತ ಕೊಂಚ ಮೇಲಿದ್ದರೂ ಕಾಗದವನ್ನು ಕೆರೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ತುದಿಯನ್ನು ನೇರವಾಗಿ ಎದುರಿನಿಂದ ನೋಡಿ, ಮೇಲಿರುವ ಕಡ್ಡಿಯನ್ನು ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಸರಿಪಡಿಸಬಹುದು. ಬಿದ್ದು ಮಡಚಿಕೊಂಡ ನಿಬ್ಬು ಮಾತ್ರ ಪರಿಣತರ ಕೆಲಸ.

ಚಿನ್ನದ ಬೆಲೆ ಏರಿದಾಗಲೆಲ್ಲ ನಿಬ್ಬನ್ನು ಅಕ್ಕಸಾಲಿಗನಿಗೆ ತೂಕಕ್ಕೆ ಹಾಕುವ ಆಲೋಚನೆ ಕೆಲವರಿಗೆ ಬರುತ್ತದೆ. ಸಾಮಾನ್ಯ ನಿಬ್ಬುಗಳ ತೂಕ ಒಂದು ಗ್ರಾಮಿನೊಳಗೆ, ಅದರಲ್ಲೂ ಎಲ್ಲವೂ ಚಿನ್ನವಲ್ಲ. ಬರೆಯುವ ನಿಬ್ಬನ್ನು ಕರಗಿಸಿ ಬರುವ ಹಣಕ್ಕಿಂತ ಅದು ಇರುವ ಪೆನ್ನಿನ ಬೆಲೆ ಸಾಮಾನ್ಯವಾಗಿ ಹೆಚ್ಚು.

ಹೊಳಪಿನ ಮೋಹ

ಪೆನ್ನು ಬರೆಯತೊಡಗಿದ ಮೇಲೆ ಅದನ್ನು ಫಳಫಳ ಹೊಳೆಯಿಸಬೇಕೆನ್ನಿಸುವುದು ಸಹಜ, ಆದರೆ ಅತಿ ಹೆಚ್ಚು ನಷ್ಟವಾಗುವುದು ಈ ಹಂತದಲ್ಲಿ. ಹಲ್ಲುಜ್ಜುವ ಪೇಸ್ಟು, ಹಿತ್ತಾಳೆ ಪಾಲಿಶು ಇವೆಲ್ಲ ಮೇಲ್ಮೈಯನ್ನು ಸವೆಸಿಯೇ ಹೊಳಪು ತರುವುದು. ಬ್ಯಾರೆಲ್ಲಿನ ಮೇಲೆ ಕಂಪನಿಯ ಹೆಸರು, ತಯಾರಾದ ಊರು ಅಚ್ಚಾಗಿರುವ ಅಕ್ಷರಗಳ ಆಳ ಕೂದಲೆಳೆಯಷ್ಟೂ ಇರುವುದಿಲ್ಲ. ಅಮೆರಿಕದಲ್ಲಿ ತಯಾರಾದ 1940ರ ದಶಕದ ಪಾರ್ಕರ್‌ಗಳಲ್ಲಿ ಆ ಬರಹದ ಪಕ್ಕದ ಪುಟ್ಟ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿಯಾಗಿರುತ್ತದೆ. ಒಮ್ಮೆ ಉಜ್ಜಿಹೋದರೆ ಪೆನ್ನಿನ ವಯಸ್ಸು ತಿಳಿಯುವ ದಾರಿಯೇ ಹೋಯಿತು. ಕ್ಲಿಪ್ಪು, ಉಂಗುರಗಳ ಮೇಲಿನ ಚಿನ್ನದ ಮುಲಾಮೂ ಹೀಗೆಯೇ ಹೊರಟುಹೋಗುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಜಾತ್ರೆಯಲ್ಲೋ ಪೆನ್ನಿನ ಅಂಗಡಿಯ ಮುಂದೋ ಕೂತವರಿಂದ ಬ್ಯಾರೆಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿತ್ತು. ಸಂಗ್ರಹಕಾರರು ಕೆತ್ತಿದ ಹೆಸರಿರುವ ಪೆನ್ನಿಗೆ ಕಡಿಮೆ ಬೆಲೆ ಕಟ್ಟುತ್ತಾರೆಂಬ ಕಾರಣಕ್ಕೆ ಅದನ್ನು ಅಳಿಸಲು ಹೊರಡುವವರಿದ್ದಾರೆ. ಮಾರುವ ಉದ್ದೇಶವಿಲ್ಲದಿದ್ದರೆ ಈ ಲೆಕ್ಕಾಚಾರಕ್ಕೆ ಅರ್ಥವಿಲ್ಲ. ಅಕ್ಷರಗಳೊಳಗಿನ ಕೊಳೆಯನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದರೆ ಹೆಸರು ತಾನಾಗಿಯೇ ಎದ್ದು ಕಾಣುತ್ತದೆ.

ಯಾವ ಶಾಯಿ, ಎಷ್ಟು ಶಾಯಿ

ದುರಸ್ತಿಯಾದ ಹಳೆಯ ಪೆನ್ನಿಗೆ ನೀರಿನಲ್ಲಿ ಸುಲಭವಾಗಿ ಕರಗುವ ಸಾಧಾರಣ ನೀಲಿ ಶಾಯಿಯೇ ಉತ್ತಮ. ಬ್ರಿಲ್, ಚೆಲ್‌ಪಾರ್ಕ್, ಕ್ಯಾಮಲ್ ಮುಂತಾದ ಹೆಸರುಗಳಲ್ಲಿ ನಮ್ಮವರು ಬಳಸಿದ್ದು ಅದನ್ನೇ. ಮಿನುಗುವ ಪುಡಿ ಬೆರೆತ ಈಗಿನ ಶಾಯಿಗಳು ಗೀರುಗಳಲ್ಲಿ ಕೂರುತ್ತವೆ. ಚಿತ್ರಕಲೆಗೆ ಮಾರುವ ಇಂಡಿಯನ್ ಇಂಕ್ ಅನ್ನು ಮಾತ್ರ ಯಾವ ಕಾರಣಕ್ಕೂ ತುಂಬಿಸಬಾರದು. ಅದರಲ್ಲಿ ಕಾಡಿಗೆಯ ಕಣಗಳ ಜೊತೆ ಸಾಮಾನ್ಯವಾಗಿ ಅರಗೂ ಇರುತ್ತದೆ. ಒಮ್ಮೆ ಒಣಗಿದರೆ ನೀರಿಗೆ ಕರಗದು.

ಫಿಲ್ಲರ್ ಹಾಕುವ ಪೆನ್ನು ಸೋರುವುದಕ್ಕೆ ಎರಡು ಕಾರಣಗಳಿವೆ. ತಿರುಪು ಸವೆದಿದ್ದರೆ ಅದರ ಮೇಲೆ ಶುದ್ಧ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬಹುದು. ಹಿಂದೆ ಇದಕ್ಕೇ ನೂಲು ಸುತ್ತುತ್ತಿದ್ದರು. ವ್ಯಾಸಲಿನ್ ರಬ್ಬರನ್ನು ಕೆಡಿಸುವುದರಿಂದ ಅದು ಸಲ್ಲದು. ತಿರುಪು ಸರಿಯಿದ್ದೂ ನಿಬ್ಬಿನಿಂದ ಹನಿ ಬೀಳುತ್ತಿದ್ದರೆ ಬ್ಯಾರೆಲ್ಲಿನಲ್ಲಿ ಗಾಳಿ ಹೆಚ್ಚಾಗಿದೆ ಎಂದರ್ಥ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ತಳ್ಳುತ್ತದೆ. ಶಾಯಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತಿದ್ದಂತೆ ಮತ್ತೆ ತುಂಬಿಸಿದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಹಿಂದಿನವರ ಅಂಗಿಯ ಜೇಬಿನ ಕೆಳಗಿನ ನೀಲಿ ಕಲೆಗೆ ಪೆನ್ನನ್ನು ಬೈದದ್ದೇ ಹೆಚ್ಚು, ತಪ್ಪು ಅರೆಬರೆ ತುಂಬಿದ ಶಾಯಿಯದು.

ಬಳಸದೆ ಎತ್ತಿಡುವುದಾದರೆ ಶಾಯಿ ತೆಗೆದು, ತೊಳೆದು, ಒಣಗಿಸಿ ಇಡಬೇಕು. ಸೆಲ್ಯುಲಾಯ್ಡ್ ಪೆನ್ನುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇತರ ಪೆನ್ನುಗಳ ಜೊತೆ ಮುಚ್ಚಿಡಬಾರದು; ಅದು ಕೆಡತೊಡಗಿದಾಗ ಹೊರಬಿಡುವ ಆಮ್ಲದ ಆವಿ ಪಕ್ಕದ ಪೆನ್ನುಗಳನ್ನೂ ಲೋಹದ ಭಾಗಗಳನ್ನೂ ತಿನ್ನುತ್ತದೆ.

ಪರಿಣತರಿಗೆ ಕೊಡುವಾಗ

ವ್ಯಾಕ್ಯುಮ್ಯಾಟಿಕ್, ಸ್ನಾರ್ಕೆಲ್, ಗುಬುಟು ತಿರುಗದ ಪಿಸ್ಟನ್ ಪೆನ್ನು, ಮಡಚಿದ ಚಿನ್ನದ ನಿಬ್ಬು, ಬಿರುಕು ಬಿಟ್ಟ ಬ್ಯಾರೆಲ್, ಇಷ್ಟನ್ನು ಮನೆಯಲ್ಲಿ ಮುಟ್ಟದಿರುವುದೇ ಜಾಣತನ. ಪೆನ್ನು ರಿಪೇರಿಯನ್ನೇ ವೃತ್ತಿ ಮಾಡಿಕೊಂಡ ಅಂಗಡಿಗಳು ಈಗ ಬೆರಳೆಣಿಕೆಯಷ್ಟು. ಕೋಲ್ಕತ್ತದ ಎಸ್‌ಪ್ಲನೇಡ್ ಬಳಿಯ ಪೆನ್ ಹಾಸ್ಪಿಟಲ್ ಅಂಥವುಗಳಲ್ಲಿ ಹೆಸರಾದದ್ದು. ಕೊಡುವ ಮುನ್ನ ಮೂರು ವಿಷಯಗಳನ್ನು ಸ್ಪಷ್ಟ ಮಾಡಿಕೊಳ್ಳಬೇಕು: ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸುತ್ತಾರೆಯೇ, ಕೇಳದೆ ಪಾಲಿಶ್ ಮಾಡುವುದಿಲ್ಲ ತಾನೇ, ನಿಬ್ಬಿನ ತುದಿಯನ್ನು ಉಜ್ಜುವ ಮೊದಲು ತಿಳಿಸುತ್ತಾರೆಯೇ. ಅಂಚೆಯಲ್ಲಿ ಕಳುಹಿಸುವುದಾದರೆ ಶಾಯಿಯನ್ನು ಪೂರ್ತಿ ತೆಗೆದು, ಕ್ಯಾಪಿನೊಳಗೆ ನಿಬ್ಬು ಬಡಿದುಕೊಳ್ಳದಂತೆ ತುದಿ ಮೇಲಾಗಿಸಿ ಹತ್ತಿಯಲ್ಲಿ ಸುತ್ತಿ, ಗಟ್ಟಿಯಾದ ಪ್ಲಾಸ್ಟಿಕ್ ಕೊಳವೆಯೊಳಗೆ ಅಲುಗಾಡದಂತೆ ಕೂರಿಸಬೇಕು. ಬರಿಯ ಕಾಗದದ ಲಕೋಟೆಯಲ್ಲಿ ಹೋದ ಪೆನ್ನು ತಲುಪುವಷ್ಟರಲ್ಲಿ ರಿಪೇರಿಯ ಪಟ್ಟಿಗೆ ಇನ್ನೊಂದು ಬಿರುಕು ಸೇರಿರುತ್ತದೆ.